ಒಂದೂರಿಗೆ ಎಷ್ಟು ಹೋಂಸ್ಟೇ ಎಂದು ಹೇಳಬೇಕಾದವರು ಯಾರು: ಇಲಾಖೆಯೋ, ಗ್ರಾಮಸಭೆಯೋ?

ಒರತೆನೀರು (ಮಡಿಕೇರಿ ತಾಲ್ಲೂಕು)

ನಮ್ಮ ಕೇರಿಯ ಹದಿನೇಳು ಮನೆಗೂ ಗುಡ್ಡದ ಒರತೆಯೇ ನೀರು. ಅಜ್ಜನ ಕಾಲಕ್ಕೆ ಅಡಿಕೆ ದಬ್ಬೆಯಲ್ಲಿ ಹರಿದು ಬರುತ್ತಿತ್ತಂತೆ, ಈಗ ಒಂದಿಂಚಿನ ಕರಿ ಪೈಪು. ಕಳೆದ ಏಪ್ರಿಲ್‌ನಲ್ಲಿ ಮೂರು ದಿನ ನಲ್ಲಿ ತಿರುಗಿಸಿದರೆ ಗಾಳಿ ಬುಸುಗುಟ್ಟಿತೇ ಹೊರತು ನೀರಿಲ್ಲ. ನಾಲ್ಕನೇ ದಿನ ಬೆಳಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಪೈಪಿನ ಜಾಡಿನಲ್ಲೇ ಮೇಲೆ ಹತ್ತಿದೆ. ತೊಟ್ಟಿಯಿಂದ ಸ್ವಲ್ಪ ಕೆಳಗೆ, ಏಲಕ್ಕಿ ಹಿಂಡಿನ ಮರೆಯಲ್ಲಿ, ಪೈಪನ್ನು ಕವಲೊಡೆಸುವ ಹೊಸದೊಂದು ಟೀ ಜಾಯಿಂಟ್. ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಅದರಿಂದ ಹೊರಟ ಎರಡಿಂಚಿನ ಪೈಪು ಇಳಿದು ಸೇರಿದ್ದು ಆಚೆ ಇಳಿಜಾರಿನಲ್ಲಿ ಹೊಸದಾಗಿ ಎದ್ದ ಹೋಂಸ್ಟೇಯ ಟ್ಯಾಂಕಿಗೆ. ಪಕ್ಕದಲ್ಲೇ ಈಜುಕೊಳ, ಅಂಚಿನವರೆಗೂ ತುಂಬಿತ್ತು.

ಮಾಲೀಕರು ಊರಲ್ಲಿರುವವರಲ್ಲ. ನೋಡಿಕೊಳ್ಳುವ ಹುಡುಗ "ನಂಗೊತ್ತಿಲ್ಲ ಅಣ್ಣ, ಪ್ಲಂಬರ್ ಬಂದು ಮಾಡಿ ಹೋದ್ರು" ಎಂದ. ಪಂಚಾಯಿತಿಗೆ ಹೋದೆ. "ಹೋಂಸ್ಟೇ ಅನುಮತಿ ಪ್ರವಾಸೋದ್ಯಮ ಇಲಾಖೆಯದು, ನಮ್ಮದೇನಿದ್ದರೂ ಒಂದು ನಿರಾಕ್ಷೇಪಣಾ ಪತ್ರ" ಎಂದರು. ಇಲಾಖೆಗೆ ಹೋದರೆ "ನೀರಿನ ವಿಷಯ ಪಂಚಾಯಿತಿಯದು, ಅವರೇ ಆಕ್ಷೇಪಣೆ ಇಲ್ಲ ಅಂತ ಬರೆದುಕೊಟ್ಟಿದ್ದಾರೆ, ನೋಡಿ" ಎಂದು ಕಡತ ತೋರಿಸಿದರು. ಎರಡೂ ಕಡೆಯವರು ಸುಳ್ಳು ಹೇಳಲಿಲ್ಲ. ನನಗೆ ಹೆಚ್ಚು ನೋವಾದದ್ದೂ ಅದೇ.

ಆವತ್ತಿನಿಂದ ಕಾಯ್ದೆ ಓದುತ್ತಾ ಕೂತಿದ್ದೇನೆ. 73ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 11ನೇ ಅನುಸೂಚಿ ಬಂತು, 1993ರಲ್ಲಿ ಜಾರಿಯಾಯಿತು. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯ ಅದರಲ್ಲಿವೆ. ಕುಡಿಯುವ ನೀರು ಇದೆ. ನೈರ್ಮಲ್ಯ ಇದೆ. ರಸ್ತೆ ಇದೆ. ಗ್ರಾಮೀಣ ವಸತಿಯೂ ಇದೆ. ಪ್ರವಾಸೋದ್ಯಮ ಇಲ್ಲ. ಅಂದರೆ ಅತಿಥಿ ಬರುವುದನ್ನು ಒಪ್ಪುವವರು ಒಬ್ಬರು, ಬಂದವರಿಗೆ ನೀರು ಕೊಟ್ಟು ಅವರ ಕಸ ಎತ್ತಬೇಕಾದವರು ಇನ್ನೊಬ್ಬರು.

ನನ್ನ ನಿಲುವು ಇದು. ನೋಂದಣಿ, ಸುರಕ್ಷತೆ, ಪೊಲೀಸ್ ಪರಿಶೀಲನೆ ಇಡೀ ರಾಜ್ಯಕ್ಕೆ ಒಂದೇ ಇರಲಿ, ಇಲಾಖೆಯೇ ಮಾಡಲಿ. ಆದರೆ ಒಂದು ಊರಿಗೆ ಎಷ್ಟು ಕೋಣೆ, ಎಷ್ಟು ಜನ ಎಂಬುದನ್ನು ಆ ಊರಿನ ಗ್ರಾಮಸಭೆ ನಿರ್ಧರಿಸಬೇಕು. ನೀವೇನಂತೀರಿ?

ಅಕ್ಕಿರೊಟ್ಟಿ (ವಿರಾಜಪೇಟೆ ಕಡೆ)

ಅಣ್ಣ, ನಿಮ್ಮ ನೀರು ಕದ್ದದ್ದು ತಪ್ಪು, ಅದಕ್ಕೆ ಎರಡು ಮಾತಿಲ್ಲ. ಆದರೆ ಕೊನೇ ಸಾಲು ಓದಿ ನನಗೆ ಹೆದರಿಕೆ ಆಯ್ತು.

ನಾನು ಹನ್ನೊಂದು ವರ್ಷದಿಂದ ಮೂರು ಕೋಣೆಯ ಹೋಂಸ್ಟೇ ನಡೆಸ್ತಿದ್ದೀನಿ. ನಮ್ಮ ಯಜಮಾನರು ತೀರಿಕೊಂಡ ವರ್ಷ ಕಾಫಿಗೆ ಬೆಲೆ ಇರಲಿಲ್ಲ, ಮೆಣಸಿಗೆ ಸೊರಗು ರೋಗ. ಇಬ್ಬರು ಮಕ್ಕಳ ಓದು ಈ ಮೂರು ಕೋಣೆಯಿಂದ ಆಯ್ತು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಕಡುಬಿಗೆ ಇಟ್ಟರೆ ರಾತ್ರಿ ಹತ್ತಕ್ಕೆ ಕೈ ತೊಳೆಯೋದು. ಬಂದವರ ಹೆಸರು, ಊರು, ಆಧಾರ್ ನಕಲು ಎಲ್ಲಾ ಪುಸ್ತಕದಲ್ಲಿ ಬರೆದಿಟ್ಟಿದ್ದೀನಿ. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ಸರ್ಕಾರಕ್ಕೆ ಕಳಿಸ್ತೀನಿ. ಒಂದು ಸಲವೂ ತಪ್ಪಿಸಿಲ್ಲ.

ಈ ಮೂರು ಕೋಣೆಗೆ ನಿರಾಕ್ಷೇಪಣಾ ಪತ್ರ ತಗೊಳ್ಳೋಕೆ ನಾನು ಏಳು ತಿಂಗಳು ಅಲೆದೆ. ನೀರು, ಕಸದ ಬಗ್ಗೆ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಹಿಂದಿನ ಚುನಾವಣೆಯಲ್ಲಿ ನಮ್ಮ ಮನೆಯವರು ಬೇರೆ ಅಭ್ಯರ್ಥಿ ಪರ ಓಡಾಡಿದ್ರು, ಅದೇ ಕಾರಣ. ಪಕ್ಕದ ತೋಟದವರಿಗೂ ನಮಗೂ ಬೇಲಿ ಜಗಳ, ಅವರ ಅಳಿಯ ಸದಸ್ಯ. ಕೊನೆಗೆ ಜಿಲ್ಲೆಯ ಅಧಿಕಾರಿಯೊಬ್ಬರು ಕಡತ ತರಿಸಿ ನೋಡಿದ ಮೇಲೆ ಪತ್ರ ಬಂತು. ಪೂರ್ತಿ ಅಧಿಕಾರ ಗ್ರಾಮಸಭೆಗೆ ಕೊಟ್ಟರೆ ನನ್ನಂಥ ಒಂಟಿ ಹೆಂಗಸು ಯಾರ ಹತ್ತಿರ ಹೋಗಬೇಕು? ದೂರದಲ್ಲಿ ಕೂತವನಿಗೆ ನನ್ನ ಪರಿಚಯ ಇರೋದಿಲ್ಲ. ಆ ಪರಿಚಯ ಇಲ್ಲದೇ ಇರೋದೇ ಒಮ್ಮೊಮ್ಮೆ ನ್ಯಾಯ.

ಮಾಜಿ ಸದಸ್ಯ (ಸೋಮವಾರಪೇಟೆ)

ಅಕ್ಕ ಹೇಳಿದ್ದನ್ನು ಒಪ್ಪಲೇಬೇಕು. ಎರಡು ಅವಧಿ ಸದಸ್ಯನಾಗಿದ್ದೆ. ಸಾಮಾನ್ಯ ಸಭೆಯಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಅರ್ಜಿಗಳು ಹೇಗೆ ಬರುತ್ತವೆಂದರೆ, ಬೀದಿದೀಪ, ಚರಂಡಿ, ನರೇಗಾ ಬಿಲ್ಲು ಎಲ್ಲ ಮುಗಿದು ಊಟದ ಹೊತ್ತಾದಾಗ "ಇತರೆ ವಿಷಯ" ಎಂದು ಒಟ್ಟಿಗೆ ಓದುತ್ತಾರೆ. ಅರ್ಜಿಯ ಜೊತೆ ಆಸ್ತಿ ದಾಖಲೆಯ ನಮೂನೆ 9, 11 ಇದೆಯಾ, ಕಂದಾಯ ಬಾಕಿ ಇಲ್ಲವಾ, ಅಷ್ಟೇ. ಬಾವಿ ಎಲ್ಲಿದೆ, ಶೌಚಗುಂಡಿ ಎಲ್ಲಿದೆ, ಎರಡರ ನಡುವೆ ಎಷ್ಟು ಅಡಿ ಎಂದು ನಾನೂ ಕೇಳಿದವನಲ್ಲ. ಕೇಳಬೇಕಾದ ನಮೂನೆಯೇ ನಮ್ಮ ಮುಂದೆ ಇರಲಿಲ್ಲ.

ಬೇಡವಾದವರ ಅರ್ಜಿಯನ್ನು ತಡೆಹಿಡಿದು ಬಗ್ಗಿಸಬಹುದಿತ್ತು, ನಿಜವಾಗಿ ತಡೆಯಬೇಕಾದ್ದನ್ನು ತಡೆಯಲು ಕಾರಣ ಬರೆಯುವ ಜಾಗ ಇರಲಿಲ್ಲ. ಒರತೆನೀರು ಅವರ ಊರಿಗೂ ಅಕ್ಕನ ಕಡತಕ್ಕೂ ತಗಲಿದ ರೋಗ ಒಂದೇ ಎಂದು ನನಗನಿಸುತ್ತದೆ.

ಲೈನ್‌ಮನೆ ಹುಡುಗ

ನಾನು ಸಾಮಾನ್ಯವಾಗಿ ಇಲ್ಲಿ ಓದುತ್ತೇನೆ, ಬರೆಯುವುದಿಲ್ಲ. ಇವತ್ತು ಬರೆಯಬೇಕೆನಿಸಿತು. ನೀರಿನ ಮಾತು ಬಂತು, ಕಸದ ಮಾತು ಬಂತು, ಮನೆಯ ಮಾತು ಯಾರೂ ಎತ್ತಲಿಲ್ಲ.

ಅಪ್ಪ ಅಮ್ಮ ಇಪ್ಪತ್ತೆರಡು ವರ್ಷ ಒಂದೇ ತೋಟದಲ್ಲಿ, ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿದ್ದರು. ತೋಟ ಕೈ ಬದಲಾಯಿತು. ಹೊಸ ಮಾಲೀಕರು ಕೆಟ್ಟವರಲ್ಲ, ಮೂರು ತಿಂಗಳು ಸಮಯ ಕೊಟ್ಟರು. ನಾವು ಬಿಟ್ಟ ಮೇಲೆ ಆರು ಮನೆಯ ಆ ಸಾಲಿಗೆ ನಡುಗೋಡೆ ಒಡೆದು, ಹಳೇ ಹೆಂಚು ತೊಳೆದು ಹಾಕಿ, ಮುಂದೆ ಬೆತ್ತದ ಕುರ್ಚಿ ಇಟ್ಟರು. ನಮ್ಮ ಅಡುಗೆಮನೆ ಇದ್ದಲ್ಲಿ ಈಗ ಸ್ನಾನದ ತೊಟ್ಟಿ ಇದೆ. ಆ್ಯಪಿನಲ್ಲಿ ಫೋಟೊ ನೋಡಿದೆ. ಹೊಗೆ ಹಿಡಿದ ತೊಲೆಯನ್ನು ಹಾಗೇ ಬಿಟ್ಟಿದ್ದಾರೆ. ಅದು ಅಮ್ಮನ ಒಲೆಯ ಹೊಗೆ.

ಪೇಟೆಯಲ್ಲಿ ಬಾಡಿಗೆ ಮನೆ ಹುಡುಕಿದೆವು. ಮೂರು ಕಡೆ ಒಂದೇ ಉತ್ತರ: "ತಿಂಗಳ ಬಾಡಿಗೆಗೆ ಕೊಡಲ್ಲ, ದಿನದ ಲೆಕ್ಕಕ್ಕೆ ಬಿಟ್ಟಿದ್ದೇವೆ". ವಾರಾಂತ್ಯದ ಎರಡು ರಾತ್ರಿಯಲ್ಲಿ ಸಿಗುವ ಹಣ ನಮ್ಮ ತಿಂಗಳ ಬಾಡಿಗೆಗಿಂತ ಜಾಸ್ತಿ. ಅವರನ್ನು ಹೇಗೆ ಬೈಯಲಿ? ಈಗ ಕುಶಾಲನಗರದ ಹತ್ತಿರ ಇದ್ದೇವೆ, ಅಪ್ಪ ದಿನಾ ಎರಡು ಬಸ್ಸು ಹತ್ತಿ ತೋಟದ ಕೆಲಸಕ್ಕೆ ಹೋಗುತ್ತಾರೆ.

ಗ್ರಾಮಸಭೆ ಅಂದಿರಿ. ಈಗ ನಮ್ಮ ಮತ ಆ ಊರಿನಲ್ಲಿಲ್ಲ. ಅಲ್ಲಿ ಕೈ ಎತ್ತುವವರಲ್ಲಿ ನಾವು ಇರುವುದಿಲ್ಲ. ಅದನ್ನೂ ಯೋಚಿಸಿ.

ಮರುಭೂಮಿ ಕನ್ನಡಿಗ (ಅರಿಜೋನಾ)

ಲೈನ್‌ಮನೆ ತಮ್ಮಾ, ನಿನ್ನ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಮೂಲತಃ ಮೂಡಿಗೆರೆಯವನು, ಹದಿನಾಲ್ಕು ವರ್ಷದಿಂದ ಫೀನಿಕ್ಸ್ ಹತ್ತಿರ ಇದ್ದೇನೆ. ಇಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನಮ್ಮಿಂದ ಎರಡು ಗಂಟೆ ದೂರದಲ್ಲಿ ಸೆಡೋನಾ ಎಂಬ ಊರು. ಕೆಂಪು ಬಂಡೆಗಳ ನಡುವೆ ಕೂತ ಪುಟ್ಟ ಊರು, 2020ರ ಗಣತಿಯಲ್ಲಿ ಹತ್ತು ಸಾವಿರಕ್ಕೂ ಕಡಿಮೆ ಜನ. ಅಲ್ಲಿ ಮೊದಲು 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಬಾಡಿಗೆಗೆ ಕೊಡುವಂತಿರಲಿಲ್ಲ. ಊರಿನ ಕೌನ್ಸಿಲ್ ಮಾಡಿಕೊಂಡ ನಿಯಮ ಅದು. 2016ರಲ್ಲಿ ಅರಿಜೋನಾ ರಾಜ್ಯ ಎಸ್‌ಬಿ 1350 ಎಂಬ ಕಾಯ್ದೆ ತಂದಿತು, ಗವರ್ನರ್ ಡಗ್ ಡ್ಯೂಸಿ ಸಹಿ ಹಾಕಿದರು, 2017ರ ಜನವರಿಯಿಂದ ಜಾರಿ. ಯಾವ ನಗರವೂ ಇಂಥ ಬಾಡಿಗೆಯನ್ನು ನಿಷೇಧಿಸುವಂತಿಲ್ಲ ಎಂಬುದೇ ಅದರ ತಿರುಳು. ಆಸ್ತಿಯ ಹಕ್ಕು, ಒಂದು ಕೋಣೆ ಬಾಡಿಗೆಗೆ ಕೊಟ್ಟು ಸಂಸಾರ ತೂಗಿಸುವ ನಿವೃತ್ತ ದಂಪತಿ, ಇವೇ ಆಗ ಕೇಳಿಬಂದ ವಾದಗಳು. ಕೇಳಲು ಅಕ್ಕಿರೊಟ್ಟಿ ಅಕ್ಕನ ಮಾತಿನ ಹಾಗೇ ಇತ್ತು, ನನಗೂ ಸರಿಯೆನಿಸಿತ್ತು.

ಬಂದದ್ದು ಮಾತ್ರ ಬರೀ ನಿವೃತ್ತ ದಂಪತಿಗಳಲ್ಲ. ಹೊರಗಿನ ಹೂಡಿಕೆದಾರರು ಮನೆಗಳನ್ನು ಕೊಂಡು ಪೂರ್ತಿ ಮನೆಯನ್ನೇ ದಿನಬಾಡಿಗೆಗೆ ಬಿಟ್ಟರು. ಹೋಟೆಲಿನಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ದುಡಿಯುವವರಿಗೆ ಊರೊಳಗೆ ಮನೆ ಸಿಗದಾಯಿತು. 2022ರಲ್ಲಿ ಊರಿನ ಆಡಳಿತ, ಸ್ಥಳೀಯ ಕೆಲಸಗಾರರಿಗೆ ವರ್ಷದ ಬಾಡಿಗೆಗೆ ಕೊಟ್ಟರೆ ಮಾಲೀಕರಿಗೆ 10,000 ಡಾಲರ್‌ವರೆಗೂ ಪ್ರೋತ್ಸಾಹಧನ ಕೊಡುತ್ತೇವೆ ಎಂದಿತು. 2024ರಲ್ಲಿ ಕಾರಿನಲ್ಲೇ ಮಲಗುವ ಕೆಲಸಗಾರರಿಗೆ ಒಂದು ಸುರಕ್ಷಿತ ಪಾರ್ಕಿಂಗ್ ಜಾಗ ಕೊಡಲು ಕೌನ್ಸಿಲ್ ಒಪ್ಪಿತು. ಅದೇ ವರ್ಷ ನವೆಂಬರ್‌ನಲ್ಲಿ ಊರಿನವರು ಮತ ಹಾಕಿ ಅದನ್ನೂ ತಿರಸ್ಕರಿಸಿದರು.

ಈ ಕೊನೆಯದನ್ನು ಬೇಕೆಂದೇ ಬರೆದೆ. ರಾಜ್ಯ ಊರಿನ ಕೈ ಕಟ್ಟಿದ್ದು ನಿಜ. ಆದರೆ ಊರಿಗೆ ತೀರ್ಮಾನ ಸಿಕ್ಕ ಕಡೆ, ಮನೆ ಇದ್ದವರು ಮನೆ ಇಲ್ಲದವರ ಪರ ಮತ ಹಾಕಲಿಲ್ಲ. ಲೈನ್‌ಮನೆ ತಮ್ಮ ಎತ್ತಿದ ಪ್ರಶ್ನೆ ಅಲ್ಲಿಯೂ ಇದೆ.

2022ರಲ್ಲಿ ರಾಜ್ಯ ಸ್ವಲ್ಪ ಬಿಗಿ ಸಡಿಲಿಸಿತು. ನಗರಗಳು ಪರವಾನಗಿ ಕೇಳಬಹುದು, ಶುಲ್ಕ 250 ಡಾಲರ್ ಮೀರಬಾರದು, ಒಂದು ವರ್ಷದಲ್ಲಿ ಮೂರು ಸಲ ನಿಯಮ ಮುರಿದದ್ದು ಸಾಬೀತಾದರೆ ಪರವಾನಗಿ ಅಮಾನತು ಮಾಡಬಹುದು. ಎಷ್ಟು ಮನೆ ಎಂಬ ಮಿತಿ ಹಾಕುವ ಅಧಿಕಾರವನ್ನು ಮಾತ್ರ ಕೊಡಲಿಲ್ಲ. ಬೇರೂರಿದ್ದನ್ನು ಆಮೇಲೆ ಕೀಳುವುದು ಕಷ್ಟ.

ತುಂಗಭದ್ರೆ ದಂಡಿ (ಗಂಗಾವತಿ)

ನಮ್ಮ ಕಡೆ ಕತಿ ಉಲ್ಟಾ ಐತ್ರಿ, ಅದನ್ನೂ ಕೇಳ್ರಿ. ಹಂಪಿ ಎದುರಿನ ವಿರೂಪಾಪುರ ಗಡ್ಡೆ ಗೊತ್ತಲ್ಲ. ಹೊಳಿ ನಡುವಿನ ನಡುಗಡ್ಡಿ. 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅಡಿಯೊಳಗ 1988ರಲ್ಲೇ ಅದನ್ನ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ರು. ಆದ್ರೂ ಗುಡಿಸಲು, ಗೆಸ್ಟ್‌ಹೌಸು, ರೆಸಾರ್ಟು ಏಳ್ತಾನೇ ಹೋದವು. ನಮಗೆ ಪಂಚಾಯಿತಿ ಅನುಮತಿ ಐತಿ ಅನ್ನೋದು ಮಾಲೀಕರ ವಾದದೊಳಗ ಒಂದಾಗಿತ್ತು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ತೆರವಿಗೆ ನೋಟಿಸ್ ಕೊಡ್ತು, ಹೈಕೋರ್ಟ್ 2015ರಲ್ಲಿ ಎತ್ತಿ ಹಿಡೀತು, ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಅದನ್ನೇ ಖಾಯಂ ಮಾಡ್ತು. ಮಾರ್ಚ್‌ನಲ್ಲಿ ಜೆಸಿಬಿ ಬಂದ್ವು.

ಜೆಸಿಬಿ ಮುಂದ ನಿಂತು ಅತ್ತವರೊಳಗ ದೊಡ್ಡ ಮಾಲೀಕರು ಕಮ್ಮಿ. ಅಡುಗಿ ಮಾಡೋರು, ಬಟ್ಟಿ ಒಗಿಯೋರು, ಸೈಕಲ್ ಬಾಡಿಗಿ ಕೊಡೋ ಹುಡುಗ್ರು. ಊರಿನವರ ಕೈಯಾಗ ಕೊಟ್ರೆ ಎಲ್ಲ ಸರಿಹೋಗ್ತದ ಅಂತ ನಾ ಹೇಳಂಗಿಲ್ಲ. ಪಂಚಾಯಿತಿ ಕೊಟ್ಟ ಕಾಗದಕ್ಕ ಬೆಲಿ ಐತಿ ಅಂತ ನಂಬಿ ದುಡ್ಡು ಹಾಕಿದವರು ಮುಳುಗಿದ್ರು. ಯಾರ ಅಧಿಕಾರ ಎಲ್ಲಿವರೆಗೆ ಅನ್ನೋದು ಮೊದಲೇ ಬರದಿರಬೇಕು.

ಇನ್ನೊಂದು ಮಾತು. 2025ರ ಮಾರ್ಚ್‌ನಲ್ಲಿ ಸಾಣಾಪುರ ಹತ್ರ ಪ್ರವಾಸಿಗರ ಮ್ಯಾಲೆ ಆದ ದಾಳಿ ನಾವ್ಯಾರೂ ಮರೆಯಂಗಿಲ್ಲ. ಅತಿಥಿಗಳನ್ನ ಕಾಯಬೇಕಾದ್ದು ಊರೂ ಹೌದು, ಪೊಲೀಸರೂ ಹೌದು, ಇಲಾಖೆನೂ ಹೌದು. ನೋಂದಣಿ ಇಲ್ಲದ ಜಾಗ ಒಂದೂ ಇರಬಾರದು. ಇದರೊಳಗ ಊರಿಗೊಂದು ನಿಯಮ ಬ್ಯಾಡ.

ಒರತೆನೀರು

ಎಲ್ಲ ಓದಿದೆ. ಸುರಕ್ಷತೆ ವಿಷಯದಲ್ಲಿ ಊರಿಗೊಂದು ನಿಯಮ ಬೇಡ ಎಂಬುದಕ್ಕೆ ನನ್ನ ಪೂರ್ಣ ಒಪ್ಪಿಗೆ. ಲೈನ್‌ಮನೆ ಹುಡುಗನಿಗೆ ಹೇಳುವುದು: ನೀವು ಬರೆದದ್ದು ನನ್ನ ತಲೆಯಲ್ಲಿ ಇರಲೇ ಇಲ್ಲ. ನಾನು ನೀರಿನಿಂದ ಶುರು ಮಾಡಿದೆ, ಏಕೆಂದರೆ ನನಗೆ ಹೋದದ್ದು ನೀರು.

ನನ್ನ ಮನಸ್ಸಿನಲ್ಲಿರುವ ಮಾದರಿಗೆ ಹತ್ತಿರವಾದದ್ದು ಜಪಾನಿನಲ್ಲಿದೆ. 2018ರ ಜೂನ್‌ನಲ್ಲಿ ಜಾರಿಯಾದ ಅವರ ಕಾಯ್ದೆ, ಮನೆಯನ್ನು ದಿನಬಾಡಿಗೆಗೆ ಬಿಡಲು ಇಡೀ ದೇಶಕ್ಕೆ ವರ್ಷಕ್ಕೆ 180 ದಿನ ಎಂಬ ಮಿತಿ ಹಾಕಿತು. ಸ್ಥಳೀಯ ಆಡಳಿತ ಅದನ್ನು ಸಡಿಲಿಸುವಂತಿಲ್ಲ, ತನ್ನ ಪರಿಸ್ಥಿತಿ ನೋಡಿ ಬಿಗಿ ಮಾಡಬಹುದು. ಕ್ಯೋಟೊ ನಗರ ವಾಸದ ಮನೆಗಳಷ್ಟೇ ಇರುವ ಬಡಾವಣೆಗಳಲ್ಲಿ ಜನವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ, ಪ್ರವಾಸಿಗರು ಕಡಿಮೆ ಇರುವ ಎರಡು ತಿಂಗಳು ಮಾತ್ರ ಬಿಟ್ಟಿತು. ಹೀಗಾದರೆ ವಿರೂಪಾಪುರ ಗಡ್ಡೆಯಂಥದ್ದು ಆಗುವುದಿಲ್ಲ, ಏಕೆಂದರೆ ಮೇಲಿನವರು ಬೇಡ ಎಂದದ್ದನ್ನು ಕೆಳಗಿನವರು ಬೇಕು ಎನ್ನುವಂತಿಲ್ಲ. ಸೆಡೋನಾದಂತೆಯೂ ಆಗುವುದಿಲ್ಲ, ಏಕೆಂದರೆ ಕೆಳಗಿನವರು ಸಾಕು ಎಂದರೆ ಮೇಲಿನವರು ಕೇಳಬೇಕು.

ಮೂರನೇ ಮಹಡಿ (ಬೆಂಗಳೂರು)

ನಮ್ಮಲ್ಲಿ ಒರತೆ ಇಲ್ಲ, ಟ್ಯಾಂಕರ್ ಇದೆ. ಅಪಾರ್ಟ್‌ಮೆಂಟಿನ ನಲವತ್ತು ಮನೆಯಲ್ಲಿ ಐದು ದಿನಬಾಡಿಗೆಗೆ ಹೋಗಿವೆ. ರಾತ್ರಿ ಒಂದಕ್ಕೆ ಗೊತ್ತಿಲ್ಲದವರು ನಮ್ಮ ಬಾಗಿಲು ತಟ್ಟಿ "ಬುಕಿಂಗ್ ಇದೇ ಫ್ಲಾಟಾ" ಅಂತಾರೆ. ಮನೇಲಿ ಅತ್ತೆ ಒಬ್ಬರೇ ಇದ್ದಾಗ ಎರಡು ಸಲ ಹೀಗಾಗಿದೆ. ಸಂಘದ ಬೈಲಾದಲ್ಲಿ ಸೇರಿಸೋಣ ಅಂದ್ರೆ "ನನ್ನ ಫ್ಲಾಟು, ನನ್ನಿಷ್ಟ" ಅನ್ನೋ ಮಾತು ಬರುತ್ತೆ. ನಿಮಗಾದ್ರೂ ಗ್ರಾಮಸಭೆ ಅಂತ ಒಂದಿದೆ. ನಮ್ಮ ವಾರ್ಡಲ್ಲಿ ಸಭೆ ನಡೆದದ್ದು ನನಗೆ ನೆನಪಿಲ್ಲ.

ಹಡ್ಸನ್ ಆಚೆದಡ (ಜೆರ್ಸಿ ಸಿಟಿ)

ನಮ್ಮೂರಿನ ಅನುಭವ ಸ್ವಲ್ಪ ಬೇರೆ. 2015ರಲ್ಲಿ ಜೆರ್ಸಿ ಸಿಟಿಯೇ ಮುಂದೆ ಬಿದ್ದು ದಿನಬಾಡಿಗೆಯನ್ನು ಕಾನೂನುಬದ್ಧ ಮಾಡಿತ್ತು. ನದಿ ದಾಟಿದರೆ ಮ್ಯಾನ್‌ಹಟನ್, ಪ್ರವಾಸಿಗರಿಗೆ ಅಗ್ಗ. ನಾಲ್ಕೇ ವರ್ಷದಲ್ಲಿ ಕೌನ್ಸಿಲ್ ಮನಸ್ಸು ಬದಲಿಸಿ ಬಿಗಿ ನಿಯಮ ತಂದಿತು: ಬಾಡಿಗೆದಾರರು ಮನೆಯನ್ನು ಹೀಗೆ ಮರುಬಾಡಿಗೆಗೆ ಬಿಡುವಂತಿಲ್ಲ, ಮಾಲೀಕ ಅಲ್ಲಿ ಇರದಿದ್ದರೆ ವರ್ಷಕ್ಕೆ 60 ರಾತ್ರಿ ಮಾತ್ರ. ವಿರೋಧಿಸಿದವರು ಸಹಿ ಸಂಗ್ರಹಿಸಿ ಜನಮತಕ್ಕೆ ಎಳೆದರು. 2019ರ ನವೆಂಬರ್‌ನಲ್ಲಿ ಮತದಾನ. ದಿನಬಾಡಿಗೆ ಮನೆಗಳ ಆ್ಯಪ್ ಕಂಪನಿ ಏರ್‌ಬಿಎನ್‌ಬಿ ಪ್ರಚಾರಕ್ಕೆ ನಾಲ್ಕು ದಶಲಕ್ಷ ಡಾಲರಿಗೂ ಹೆಚ್ಚು ಸುರಿಯಿತು, ನಮ್ಮ ಅಂಚೆ ಡಬ್ಬದಲ್ಲಿ ದಿನಕ್ಕೊಂದು ಬಣ್ಣದ ಕಾಗದ ಬೀಳುತ್ತಿತ್ತು. ಆದರೂ ಹತ್ತರಲ್ಲಿ ಸುಮಾರು ಏಳು ಮತ ನಿಯಮದ ಪರ ಬಿತ್ತು. ಮಾಲೀಕರು ಕೋರ್ಟಿಗೆ ಹೋದರು, 2022ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೂ ನಗರದ ನಿಯಮವನ್ನು ಎತ್ತಿ ಹಿಡಿಯಿತು.

ನದಿಯಾಚೆ ನ್ಯೂಯಾರ್ಕ್‌ನಲ್ಲಿ ರಾಜ್ಯ, ನಗರ ಎರಡೂ ಕೈ ಜೋಡಿಸಿದವು. ಮನೆಯವರು ಇಲ್ಲದೆ 30 ದಿನದೊಳಗಿನ ಬಾಡಿಗೆ ಬೇಡ ಎಂದು ರಾಜ್ಯ 2010ರಲ್ಲೇ ಹೇಳಿತ್ತು. ಆದರೆ ಯಾರು ಪಾಲಿಸುತ್ತಿದ್ದಾರೆ ಎಂದು ನೋಡುವವರಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ನಗರ ತನ್ನ ನೋಂದಣಿ ಕಾಯ್ದೆಯನ್ನು ಜಾರಿ ಮಾಡಿ, ನೋಂದಣಿ ಸಂಖ್ಯೆ ಇಲ್ಲದ ಬುಕಿಂಗಿನ ಹಣ ಪಡೆಯದಂತೆ ಆ್ಯಪ್ ಕಂಪನಿಗಳನ್ನೇ ಕಟ್ಟಿಹಾಕಿದ ಮೇಲೆ ಆಟ ನಿಂತಿತು.

ಕೊಡಗಿಗೆ ಇದರಲ್ಲಿ ಬೇಕಾದ್ದು ಆ ಕೊನೆಯ ಸಾಲು ಅನಿಸುತ್ತದೆ. ನೋಂದಣಿ ಸಂಖ್ಯೆ ಹಾಕದೆ ಆ್ಯಪಿನಲ್ಲಿ ಮನೆ ಕಾಣಿಸಬಾರದು. ಅದನ್ನು ಪಂಚಾಯಿತಿ ಮಾಡಲಾಗದು, ಕಂಪನಿಯ ಎದುರು ನಿಲ್ಲಲು ರಾಜ್ಯವೇ ಬೇಕು.

ಅಕ್ಕಿರೊಟ್ಟಿ

ಜೆರ್ಸಿಯವರು ಹೇಳಿದ ನೋಂದಣಿ ಸಂಖ್ಯೆಯ ಮಾತಿಗೆ ನಾನು ಎರಡೂ ಕೈ ಎತ್ತುತ್ತೀನಿ. ನನ್ನ ಮನೆ ಪಕ್ಕದಲ್ಲೇ ನೋಂದಣಿ ಇಲ್ಲದೆ ಎಂಟು ಕೋಣೆ ನಡೀತಿದೆ, ನನ್ನ ದರದ ಅರ್ಧಕ್ಕೆ ಕೊಡ್ತಾರೆ. ನಾನು ಕಾಯ್ದೆ ಪಾಲಿಸಿ ಕಳಕೊಳ್ಳೋದು, ಅವರು ಪಾಲಿಸದೆ ಗಳಿಸೋದು.

ಮತ್ತೊಂದು ವಿಷಯ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಮಾರ್ಗಸೂಚಿಯಲ್ಲಿ ಗರಿಷ್ಠ 6 ಕೋಣೆ, 12 ಹಾಸಿಗೆ, ಮನೆಯವರು ಅಲ್ಲೇ ವಾಸವಿರಬೇಕು ಅಂತಿತ್ತು. ಹೋಂಸ್ಟೇ ಅನ್ನೋ ಹೆಸರಿನ ಅರ್ಥವೇ ಅದು, ಮನೆಯವರಿರೋ ಮನೆ. ಅಣ್ಣ ಹೇಳಿದ ಈಜುಕೊಳದ ಜಾಗದಲ್ಲಿ ಮಾಲೀಕರೇ ಇಲ್ಲ. ಅದನ್ನ ಹೋಂಸ್ಟೇ ಅಂತ ಕರೆದು ನಮ್ಮನ್ನೂ ಅದರ ಜೊತೆ ಕಟ್ಟಬೇಡಿ. ಮನೆಯೊಡತಿ ಅಲ್ಲೇ ಇದ್ದರೆ ನೀರು ಎಷ್ಟು ಖರ್ಚಾಯ್ತು ಅಂತ ಅವಳಿಗೆ ಗೊತ್ತಿರುತ್ತೆ. ಟ್ಯಾಂಕ್ ಖಾಲಿಯಾದ್ರೆ ಬಿಂದಿಗೆ ಹೊರೋಳು ಅವಳೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಅತಿಥಿಗಳನ್ನ ನಾವೇ ಟಾರ್ಚ್ ಹಿಡಿದು ರಸ್ತೆಗೆ ದಾಟಿಸಿದ್ವಿ. ಯಾವ ತೋಡು ತುಂಬುತ್ತೆ, ಯಾವ ಗುಡ್ಡದ ಬರೆ ಕುಸಿಯುತ್ತೆ ಅಂತ ಗೊತ್ತಿರೋದು ಅಲ್ಲೇ ಬದುಕೋರಿಗೆ.

ಹಾಗಾಗಿ ನಾನು ಸ್ವಲ್ಪ ಕೆಳಗಿಳೀತೀನಿ. ಗ್ರಾಮಸಭೆ ಮಿತಿ ಹಾಕಲಿ. ಆದರೆ "ಇವಳಿಗೆ ಬೇಡ, ಅವನಿಗೆ ಕೊಡಿ" ಅನ್ನೋ ಅಧಿಕಾರ ಬೇಡ. ಊರಿಗೆ ಇಷ್ಟು ಅಂತ ಒಂದು ಲೆಕ್ಕ ಹೇಳಲಿ, ಆ ಲೆಕ್ಕಕ್ಕೆ ಕಾರಣ ಬರೀಲಿ. ಹೆಸರು ನೋಡೋದು ಬೇಡ.

ಮಾಜಿ ಸದಸ್ಯ

ಅಕ್ಕನ ಈ ಮಾತಿನಿಂದ ದಾರಿ ಕಾಣುತ್ತಿದೆ. ಕಾಯ್ದೆ ಬದಲಾಗುವವರೆಗೂ ಕಾಯಬೇಕಿಲ್ಲ. ಪಂಚಾಯಿತಿಗೆ ಉಪವಿಧಿ ಮಾಡುವ ಅವಕಾಶ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ನಮ್ಮ ಅವಧಿಯಲ್ಲಿ ಘನತ್ಯಾಜ್ಯಕ್ಕೆ ಉಪವಿಧಿ ಮಾಡಿದ್ದೆವು. ಸ್ವಚ್ಛ ವಾಹಿನಿಯಲ್ಲಿ ಕಸ ಎತ್ತುವ ಒಕ್ಕೂಟದ ಹೆಣ್ಣುಮಕ್ಕಳು ಸಭೆಗೆ ಬಂದು "ಸೋಮವಾರ ಹೋಂಸ್ಟೇ ಕಡೆಯ ಚೀಲಗಳೇ ಗಾಡಿಯ ಅರ್ಧ ತುಂಬುತ್ತವೆ, ಮನೆಗಳಷ್ಟೇ ಶುಲ್ಕ ಕೊಡುತ್ತಾರೆ" ಎಂದು ಹೇಳಿದ ಮೇಲೆ ಶುಲ್ಕದ ದರ ಬೇರೆ ಮಾಡಿದೆವು. ಯಾರೂ ಕೋರ್ಟಿಗೆ ಹೋಗಲಿಲ್ಲ. ಎದುರಿಗೆ ಅಳತೆ ಇತ್ತು, ಅದಕ್ಕೇ ನಿಂತಿತು.

ನೀರಿಗೂ ಹಾಗೇ ಮಾಡಿ. ಎನ್‌ಒಸಿ ಅರ್ಜಿಗೆ ಒಂದು ಪುಟ ಸೇರಿಸಿ ಎಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ: ನೀರಿನ ಮೂಲ ಯಾವುದು, ಬೇಸಿಗೆಯಲ್ಲಿ ಅದರ ಇಳುವರಿ ಎಷ್ಟು, ಅದನ್ನು ಎಷ್ಟು ಮನೆ ಅವಲಂಬಿಸಿವೆ, ಶೌಚಗುಂಡಿ ಎಷ್ಟು ದೂರ. ಲೈನ್‌ಮನೆ ಹುಡುಗ ಹೇಳಿದ್ದಕ್ಕೂ ಒಂದು ಸಾಲು ಸೇರಿಸಿ: ಈ ಕಟ್ಟಡದಲ್ಲಿ ಕಳೆದ ಮೂರು ವರ್ಷ ಯಾರು ವಾಸವಿದ್ದರು? ಕಾರ್ಮಿಕರ ವಸತಿಯಾಗಿದ್ದರೆ ಅವರಿಗೆ ಬೇರೆ ಮನೆ ಆದ ಮೇಲೆ ಎನ್‌ಒಸಿ. ಇಷ್ಟರಿಂದ ಎಲ್ಲ ಸರಿಹೋಗುತ್ತದೆ ಎನ್ನುವುದಿಲ್ಲ. ಇಲ್ಲ ಎನ್ನಲು ಬರೆದಿಟ್ಟ ಕಾರಣವೊಂದು ಸಿಗುತ್ತದೆ.

ಲೈನ್‌ಮನೆ ಹುಡುಗ

ಸರ್, ಆ ಸಾಲು ಸೇರಿಸಿದ್ದಕ್ಕೆ ಧನ್ಯವಾದ. ಅಪ್ಪನಿಗೆ ಓದಿ ಹೇಳಿದೆ. "ಆ ಸಭೆಗೆ ನಾವೂ ಹೋಗಬಹುದಾ" ಎಂದು ಕೇಳಿದರು.

ಮಾಜಿ ಸದಸ್ಯ

ಮತ ಹಾಕಲಾಗದು. ಬಂದು ಮಾತಾಡಬೇಕು ಎಂದು ಅಧ್ಯಕ್ಷರಿಗೆ ಮೊದಲೇ ಬರೆದು ಕೊಡಿ. ನಾನೇ ಜೊತೆಗೆ ಬಂದು ಅಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ.

ಒರತೆನೀರು

ಮಾಜಿ ಸದಸ್ಯರು ಅಳತೆ ಎಂದದ್ದಕ್ಕೆ ನಿನ್ನೆ ಹಳೇ ಡೈರಿ ತೆಗೆದೆ. ಏಪ್ರಿಲ್‌ನಲ್ಲಿ ಆ ಟೀ ಜಾಯಿಂಟ್ ಬಿಚ್ಚಿಸಿದ ಮೇಲೆ ತೊಟ್ಟಿಗೆ ಬೀಳುವ ನೀರನ್ನು ಅಳೆದಿದ್ದೆ. 15 ಲೀಟರಿನ ಬಕೆಟ್ ತುಂಬಲು 4 ನಿಮಿಷ. ದಿನಕ್ಕೆ 360 ಬಕೆಟ್, 5,400 ಲೀಟರ್.

ನಮ್ಮ ಹದಿನೇಳು ಮನೆಯಲ್ಲಿ 74 ಜನ. ಜಲಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಅಲ್ಲಿಗೆ 4,070. ಉಳಿದದ್ದು 1,330 ಲೀಟರ್, ಅದರಲ್ಲೇ ದನಕರು, ಮದುವೆ ಮುಂಜಿ, ಸಾವು ನೋವು. ಪೇಟೆಯಿಂದ ಬಂದವರಿಗೆ ನಗರದ ಲೆಕ್ಕದಂತೆ 135 ಲೀಟರ್ ಹಿಡಿದರೂ 12 ಅತಿಥಿಗಳಿಗೆ 1,620. ಈಜುಕೊಳ ಸೇರಿಸಿಲ್ಲ. ಕಾಗದದ ಮೇಲೆ ಆರು ಕೋಣೆಯ ಒಂದೇ ಒಂದು ಹೋಂಸ್ಟೇ ಪೂರ್ತಿ ಕಾನೂನುಬದ್ಧವಾಗಿ ನಡೆದರೂ ಏಪ್ರಿಲ್‌ನಲ್ಲಿ ನಮ್ಮ ಒರತೆಗೆ ಅದು ಭಾರ. ಮೂರು ಕೋಣೆ, ಆರು ಜನ ಎಂದರೆ 810, ತಡೆಯುತ್ತದೆ. ಜೂನ್ ಆದ ಮೇಲೆ ಈ ಪ್ರಶ್ನೆಯೇ ಇಲ್ಲ, ಗುಡ್ಡ ಪೂರ್ತಿ ನೀರು.

ಈ ಲೆಕ್ಕ ಜಿಲ್ಲಾ ಕಚೇರಿಯಲ್ಲಿ ಕೂತವರಿಗೆ ತಿಳಿಯುವುದು ಸಾಧ್ಯವಿಲ್ಲ, ಅವರ ತಪ್ಪೂ ಅಲ್ಲ. ಬೆಟ್ಟದ ಆಚೆ ಬದಿಯ ಒರತೆಯ ಲೆಕ್ಕ ಬೇರೆ ಇರುತ್ತದೆ, ಅಲ್ಲಿ ಹತ್ತು ಕೋಣೆಗೂ ಸಾಲಬಹುದು.

ನಮ್ಮ ವಾರ್ಡ್ ಸಭೆ ಮುಂದಿನ ತಿಂಗಳು. ಅದಕ್ಕೆ ಮುಂಚೆ ಮತ್ತೊಮ್ಮೆ ಅಳೆಯಬೇಕು, ಒಬ್ಬನೇ ಅಳೆದದ್ದನ್ನು ಯಾರೂ ನಂಬುವುದಿಲ್ಲ. ಹೋಂಸ್ಟೇ ಮಾಲೀಕರಿಗೂ ಫೋನ್ ಮಾಡಿದೆ. ಮೊದಲು ಗದರಿದರು, ಆಮೇಲೆ ಈ ಲೆಕ್ಕ ಹೇಳಿದಾಗ ಸುಮ್ಮನಾಗಿ "ನಾನೂ ಬರ್ತೀನಿ, ನೋಡೋಣ" ಎಂದರು.

ಅಕ್ಕಿರೊಟ್ಟಿ

ಭಾನುವಾರ ಆದ್ರೆ ಅತಿಥಿಗಳ ತಿಂಡಿ ಮುಗಿಸಿ ಹತ್ತು ಗಂಟೆಗೆ ಹೊರಡ್ತೀನಿ, ಹನ್ನೊಂದೂವರೆಗೆ ನಿಮ್ಮೂರಲ್ಲಿ. ನಮ್ಮ ಮನೇದೂ ಒರತೆ ನೀರೇ, ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅಳೆದಿಲ್ಲ. ಹೇಗೆ ಅಳೆಯೋದು ಅಂತ ನೋಡ್ಕೊಂಡು ಬಂದು ನಮ್ಮಲ್ಲೂ ಮಾಡ್ತೀನಿ.

ಒರತೆನೀರು

ಬನ್ನಿ ಅಕ್ಕ. ಜಿಗಣೆ ಇದೆ, ಸುಣ್ಣ ಹೊಗೆಸೊಪ್ಪು ಕಟ್ಟಿಕೊಂಡು ಬನ್ನಿ. ಬಕೆಟ್ ನನ್ನ ಹತ್ತಿರ ಇದೆ, ಗಡಿಯಾರ ಮಾತ್ರ ಇಬ್ಬರ ಹತ್ತಿರವೂ ಇರಲಿ.